‘ನಾವು’ ಎಂಬ ಮಾತು

ಈ ಲೇಖನದುದ್ದಕ್ಕೂ ‘ನಾವು’ ಎಂದು ಬರೆದಿರುವುದು ದೊಡ್ಡಸ್ತಿಕೆಯಿಂದಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಬರೆಯುವ ಕೈ ಒಂದಾದರೂ ಮಾತು ನಾಲ್ವರದು. ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ಗಂಡುಮಕ್ಕಳೆಂದು ಹೆಸರಿಡಿಸಿಕೊಂಡು ಬೆಳೆದು, ಒಳಗೊಳಗೆ ಹೆಣ್ಣೆಂದೇ ತಮ್ಮನ್ನು ತಿಳಿದುಕೊಂಡು, ಒಂದೇ ಊರಿನಲ್ಲಿ ಮೂವತ್ತು ವರ್ಷ ಒಬ್ಬರನ್ನೊಬ್ಬರು ಅರಿಯದೆ ಬಾಳಿದ ನಾಲ್ವರು ನಾವು. ‘ನಾವು’ ಎಂಬ ಮಾತು ನಮಗೆ ಹುಟ್ಟಿನೊಡನೆ ಬಂದುದಲ್ಲ, ತಡವಾಗಿ ದೊರೆತದ್ದು. ಅದು ದೊರೆತ ಬಗೆಯನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಎರಡು ಭಾಷೆಗಳ ನಡುವೆ ಬೆಳೆದವರಿಗೆ ವ್ಯಾಕರಣದ ಕೆಲವು ಸೂಕ್ಷ್ಮಗಳು ಬೇಗ ತಿಳಿಯುತ್ತವೆ. ಕನ್ನಡದಲ್ಲಿ ‘ನಾನು ಬಂದೆ’ ಎಂದರೆ ಬಂದವರು ಗಂಡೋ ಹೆಣ್ಣೋ ಎಂಬುದನ್ನು ಕ್ರಿಯಾಪದವು ಹೇಳುವುದಿಲ್ಲ. ಮರಾಠಿಯಲ್ಲಿ ಹಾಗಲ್ಲ, ಗಂಡಸು ‘ಮೀ ಆಲೋ’ ಎನ್ನಬೇಕು, ಹೆಂಗಸು ‘ಮೀ ಆಲೇ’ ಎನ್ನಬೇಕು. ಮನೆಯಲ್ಲಿ ಕನ್ನಡವಾಡುವಾಗ ನಮ್ಮ ಗುಟ್ಟು ನಮ್ಮಲ್ಲಿಯೇ ಉಳಿಯುತ್ತಿತ್ತು. ಶಾಲೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಬಾಯಿ ತೆರೆದಾಗಲೆಲ್ಲ ಸುಳ್ಳನ್ನಾಡಬೇಕಾಗುತ್ತಿತ್ತು. ಸುಳ್ಳಿಗಿಂತ ಮೌನವೇ ಲೇಸೆಂದು ನಾಲ್ವರೂ ಬೇರೆಬೇರೆಯಾಗಿಯೇ ನಿಶ್ಚಯಿಸಿದ್ದೆವು. ‘ಹುಡುಗ ಬಹಳ ಸಂಕೋಚದವನು’ ಎಂದು ಗುರುಗಳು ನಮ್ಮ ನಮ್ಮ ತಂದೆಯವರಿಗೆ ಹೇಳುತ್ತಿದ್ದರಂತೆ.

ನಮ್ಮಂಥವರು ಹಿಂದೆ ಇರಲಿಲ್ಲವೆಂದಲ್ಲ. ಸವದತ್ತಿಯ ಯಲ್ಲಮ್ಮನಿಗೆ ಮುಡಿಪಾಗಿ, ಮುತ್ತು ಕಟ್ಟಿಸಿಕೊಂಡು, ಚೌಡಿಕೆಯೊಡನೆ ಊರೂರು ತಿರುಗುವ ಜೋಗಪ್ಪಂದಿರನ್ನು ಹುಣ್ಣಿಮೆಯ ಜಾತ್ರೆಗೆ ಹೋದವರೆಲ್ಲ ಕಂಡಿದ್ದಾರೆ. ದೇವಿ ಅವರಿಗೆ ಆಶ್ರಯವನ್ನೂ ಕಲೆಯನ್ನೂ ಇತ್ತಳು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; 2021ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಹಿಜ್ರಾ ಸಮುದಾಯದಲ್ಲಿ ಗುರುವೇ ತಾಯಿ, ಚೇಲಾಗಳೇ ಮಕ್ಕಳು. ಆದರೆ ಈ ಎರಡು ದಾರಿಗಳಲ್ಲಿಯೂ ಅನೇಕರಿಗೆ ಹೆತ್ತ ಮನೆಯ ಹೊಸಿಲು ಹಿಂದೆಯೇ ಉಳಿಯಿತು. ನಮಗೋ ಮನೆಯನ್ನು ಬಿಡುವ ಧೈರ್ಯವೂ ಇರಲಿಲ್ಲ, ಮನೆಯಲ್ಲಿರುವ ನೆಮ್ಮದಿಯೂ ಇರಲಿಲ್ಲ.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂಬುದನ್ನು ನಿರ್ಧರಿಸಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪಿತ್ತಿತು. ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟವರು ನಮ್ಮಲ್ಲಿಬ್ಬರು. ಆದರೆ ಕಾಗದದ ಮೇಲಿನ ಹಕ್ಕು ಕೊರಳಿಗೆ ಬರಲು ಇನ್ನೂ ಕೆಲವು ವರ್ಷಗಳು ಹಿಡಿದವು.

ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ನಮ್ಮಂಥವರು ಕೂಡುವ ಕೋಣೆಯೊಂದುಂಟೆಂದು ನಮಗೆ ಒಬ್ಬೊಬ್ಬರಿಗೂ ಒಂದೊಂದು ಕಡೆಯಿಂದ ತಿಳಿಯಿತು. ನಾಲ್ವರಲ್ಲಿ ಮೂವರು ಮೊದಲ ಸಲ ಮೆಟ್ಟಿಲಿನಿಂದಲೇ ಹಿಂದಿರುಗಿದವರು. ಒಳಗೆ ಒಂದು ಚಾಪೆ, ಒಂದು ಕಿಟಕಿ, ಹತ್ತು ಹನ್ನೆರಡು ಮಂದಿ. ಮರಾಠಿ, ತೆಲುಗು, ದಖನಿ, ಕನ್ನಡಗಳ ಕಲಬೆರಕೆ. ಮಾತಾಡಲೇಬೇಕೆಂಬ ಕಟ್ಟಳೆಯಿಲ್ಲ; ಮಾತಾಡುವವರು ತಮ್ಮನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಮೊದಲು ತಿಳಿಸಿದರೆ ಸಾಕು. ನಾವು ಹಿರಿಯಕ್ಕನೆಂದು ಕರೆಯುವವರು ಮೂರು ತಿಂಗಳು ಸುಮ್ಮನೆ ಕುಳಿತಿದ್ದರು. ನಾಲ್ಕನೆಯ ತಿಂಗಳು ಬಾಗಿಲು ತಟ್ಟಿದಾಗ ಒಳಗಿನವರು ಯಾರೆಂದು ಕೇಳಿದರು. ‘ಮೀ ಆಲೇ’ ಎಂದುಬಿಟ್ಟರು. ಯಾರೂ ಬೆರಗಾಗಲಿಲ್ಲ, ಚಾಪೆಯ ಮೇಲೆ ಜಾಗ ಮಾಡಿ ಚಹಾ ಕೊಟ್ಟರು. ಅಂದು ಹಿರಿಯಕ್ಕ ಅತ್ತುದನ್ನು ನಾವು ಮೂವರೂ ಕಂಡೆವು.

2019ರ ಕಾಯ್ದೆ ಬಂದ ಮೇಲೆ ಗುರುತಿನ ಪ್ರಮಾಣಪತ್ರಕ್ಕಾಗಿ ನಮ್ಮಲ್ಲೊಬ್ಬರು ಒಂಟಿಯಾಗಿ ಕಚೇರಿಗೆ ಹೋಗಿ, ಗುಮಾಸ್ತರ ನಗೆಗೆ ಗುರಿಯಾಗಿ, ಅರ್ಜಿಯನ್ನು ಕೊಡದೆಯೇ ಮರಳಿದರು. ಮರುವಾರ ನಾಲ್ವರೂ ಹೋಗಿ ಬೆಂಚಿನ ಮೇಲೆ ಸಾಲಾಗಿ ಕುಳಿತೆವು. ಒಬ್ಬರನ್ನು ಕಂಡು ನಗುವಷ್ಟು ಸುಲಭವಾಗಿ ನಾಲ್ವರನ್ನು ಕಂಡು ನಗಲಾಗುವುದಿಲ್ಲ. ಅರ್ಜಿ ಸಂದಿತು. ಧೈರ್ಯವೆಂಬುದು ಎದೆಯೊಳಗೆ ಹುಟ್ಟುವ ವಸ್ತುವೆಂದು ಓದಿದ್ದೆವು. ಅದು ಪಕ್ಕದಲ್ಲಿ ಕುಳಿತವರಿಂದಲೂ ಬರುತ್ತದೆಂದು ಅಂದು ತಿಳಿಯಿತು. ನಮ್ಮ ಕೂಟದಲ್ಲಿ ಜಗಳಗಳಿಲ್ಲವೆಂದಲ್ಲ. ಭಿಶಿಯ ಲೆಕ್ಕಕ್ಕಾಗಿ ಮುನಿದು ಹೋದವರುಂಟು. ಅವರಿಗೆ ಜ್ವರ ಬಂದಾಗ ಗಂಜಿ ಒಯ್ದವರೂ ಉಂಟು.

ಹಿರಿಯಕ್ಕನ ತಾಯಿಗೆ ಈಗ ಎಪ್ಪತ್ತು ದಾಟಿದೆ. ಹಿಂದೆ ‘ಬಂದಿ ಏನಪಾ? ಉಣ್ಣು ಬಾ’ ಎನ್ನುತ್ತಿದ್ದವರು ಈಗ ‘ಬಂದಿ ಏನು? ಉಣ್ಣು ಬಾ’ ಎನ್ನುತ್ತಾರೆ. ‘ಅಪ್ಪಾ’ ಎಂಬುದು ಹೋಗಿದೆ, ‘ಅವ್ವಾ’ ಎಂಬುದು ಇನ್ನೂ ಬಂದಿಲ್ಲ. ಮೂವತ್ತು ವರ್ಷ ಮೌನವಾಗಿದ್ದ ನಾವು ಆ ತಾಯಿಯ ತಡವರಿಕೆಯನ್ನು ಆಕ್ಷೇಪಿಸಲಾರೆವು.

ಈ ಪತ್ರಿಕೆಯನ್ನೋದುವ ಯಾವುದಾದರೊಂದು ಮನೆಯಲ್ಲಿಯೂ ಮಾತು ನಿಲ್ಲಿಸಿದ ಮಗುವೊಂದು ಇದ್ದೀತು. ಅದನ್ನು ಸಂಕೋಚವೆಂದು ತಿಳಿದು ಸುಮ್ಮನಾಗಬೇಡಿರಿ. ಅಂಥವರಿಗಾಗಿ ಒಂದು ಚಾಪೆ ಹಾಸಿದೆಯೆಂದು ತಿಳಿಸಿರಿ. ಆಗದಿದ್ದರೆ, ಅವರು ಮನೆಗೆ ಬಂದಾಗ ಉಣ್ಣಲು ಕರೆಯಿರಿ.