ಉಪ್ಪಿನ ಊರಲ್ಲಿ ಪಿಕಪ್ಪಿಗೊಂದು ಕವಚ

ಜೂನ್ ತಿಂಗಳ ಶನಿವಾರ ಬೆಳಿಗ್ಗೆ. ಡೆಟ್ರಾಯಿಟಿನ ಪಶ್ಚಿಮಕ್ಕಿರುವ ಕ್ಯಾಂಟನ್‌ನಲ್ಲಿ ಒಂದು ಮನೆಯ ಹಿತ್ತಲಿನ ಗ್ಯಾರೇಜು. ಸಿಮೆಂಟು ನೆಲದ ತಂಪು ಮೊಣಕಾಲಿಗೆ ತಾಕುತ್ತಿದೆ. ನಿಮ್ಮ ಮುಂದೆ ಹದಿನೈದು ಚಳಿಗಾಲ ಕಂಡ ಪಿಕಪ್ ನಿಂತಿದೆ. ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದತ್ತ ಉದ್ದಕ್ಕೆ ಹೋಗುವ ಪಟ್ಟಿ ಕಾಣುತ್ತಿದೆಯಲ್ಲ, ಅದು ರಾಕರ್ ಪ್ಯಾನೆಲ್. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್, ಟಣ್, ಟಣ್. ಹಿಂದಿನ ಚಕ್ರದ ಹತ್ತಿರ ಬರುತ್ತಿದ್ದಂತೆ ಸದ್ದು ಮಂಕಾಗುತ್ತದೆ. ಅಲ್ಲಿ ಬಣ್ಣ ಸಣ್ಣಗೆ ಉಬ್ಬಿದೆ. ಉಗುರಿನಿಂದ ಕೆರೆದರೆ ಕಂದು ಪುಡಿ ಉದುರುತ್ತದೆ.

"ಅಲ್ಲೇ ನೋಡಿ ಸಾರ್ ಶುರುವಾಗಿರೋದು," ಎನ್ನುತ್ತಾರೆ ಗಾಡಿಯ ಯಜಮಾನರು. ಹಾಸನದ ಕಡೆಯವರು, ಕಾರು ಕಂಪನಿಯ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದವರು. ವಾರದ ದಿನಗಳಲ್ಲಿ ಆಫೀಸಿಗೆ, ಭಾನುವಾರ ಮರಗೆಲಸದ ಹಲಗೆ ತರಲು, ನವೆಂಬರಿನಲ್ಲಿ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ವೇದಿಕೆಯ ಸಾಮಾನು ಸಾಗಿಸಲು, ಎಲ್ಲಕ್ಕೂ ಇದೇ ಗಾಡಿ. ಎಂಜಿನ್ ಗಟ್ಟಿಮುಟ್ಟಾಗಿದೆ. ಬಾಡಿ ಮಾತ್ರ ಕೆಳಗಿನಿಂದ ಸವೆಯುತ್ತಿದೆ.

ಸವೆಸುತ್ತಿರುವ ವಸ್ತು ಸಿಗುವುದೂ ಇದೇ ಊರಿನ ಅಡಿಯಲ್ಲಿ. ಡೆಟ್ರಾಯಿಟ್ ನಗರದ ಕೆಳಗೆ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿಯಿದೆ. ಹಿಮ ಬಿದ್ದ ರಸ್ತೆಗಳಿಗೆ ಚೆಲ್ಲುವ ಕಲ್ಲುಪ್ಪು ಅಲ್ಲಿಂದ ಬರುತ್ತದೆ. ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿ ಹೆಚ್ಚಿದರೆ ಬರಿಯ ಉಪ್ಪಿನ ಶಕ್ತಿ ಕುಂದುತ್ತದೆ. ಆಗ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವನ್ನು ಜತೆಗೆ ಸೇರಿಸುತ್ತಾರೆ. ಕಬ್ಬಿಣ ತುಕ್ಕು ಹಿಡಿಯಲು ನೀರೂ ಆಮ್ಲಜನಕವೂ ಸಾಕು. ಆದರೆ ಉಪ್ಪು ಕರಗಿದ ನೀರಿನಲ್ಲಿ ಅಯಾನುಗಳು ಸಲೀಸಾಗಿ ಓಡಾಡುವುದರಿಂದ ಆ ಕ್ರಿಯೆ ಬಹಳ ಚುರುಕಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನೇ ಹೀರಿಕೊಂಡು ಒದ್ದೆಯಾಗಿ ಉಳಿಯುತ್ತದೆ. ರಸ್ತೆ ಒಣಗಿದ ಮೇಲೂ ಗಾಡಿಯ ಸಂದುಗಳು ಒಣಗುವುದಿಲ್ಲ. ಟೈರು ಎಸೆಯುವ ಜಲ್ಲಿಕಲ್ಲು ಬಣ್ಣದಲ್ಲಿ ಚಿಕ್ಕ ಗಾಯ ಮಾಡುತ್ತದೆ, ಉಪ್ಪುನೀರು ಆ ಗಾಯದೊಳಗೆ ಇಳಿಯುತ್ತದೆ.

ಅದಕ್ಕಾಗಿಯೇ ಬೆಂಚಿನ ಮೇಲೆ ಆ ಪೆಟ್ಟಿಗೆ ಕೂತಿದೆ: ಯು-ಪೋಲ್ ರ‍್ಯಾಪ್ಟರ್, ಬೆಡ್‌ಲೈನರ್ ಕಿಟ್. ಪಿಕಪ್ಪಿನ ಹಿಂಭಾಗದ ತೊಟ್ಟಿಗೆ, ಅಂದರೆ ಬೆಡ್ಡಿಗೆ, ಕಲ್ಲು ಕಬ್ಬಿಣ ಹೇರಿದರೂ ತಡೆಯಲಿ ಎಂದು ಹುಟ್ಟಿದ ಲೇಪನ ಇದು. ತೊಟ್ಟಿಯ ಒಳಗೆ ಬಾಳಿದ್ದು ಹೊರಮೈಗೂ ಬಾಳೀತು ಎಂದು ಜನ ಬಂಪರಿಗೆ, ಚಕ್ರದ ಕಮಾನಿಗೆ, ರಾಕರ್ ಪ್ಯಾನೆಲಿಗೆ, ಕೆಲವರು ಇಡೀ ಗಾಡಿಗೇ ಹೊಡೆಯತೊಡಗಿದರು. ಹರ್ಕ್ಯುಲೈನರ್‌ನಂಥ ಬಗೆಯಲ್ಲಿ ರಬ್ಬರ್ ಹರಳುಗಳು ಬೆರೆತಿರುತ್ತವೆ, ರೋಲರಿನಿಂದ ಉರುಳಿಸಿದರಾಯಿತು. ರ‍್ಯಾಪ್ಟರ್ ಎರಡು ಭಾಗದ ಪಾಲಿಯುರೆಥೇನ್, ಸಾಮಾನ್ಯವಾಗಿ ಗನ್ನಿನಿಂದ ಹೊಡೆಯುವಂಥದ್ದು. ಹೊರಮೈಗೆ ಕೊಳ್ಳುವಾಗ ಬಿಸಿಲು ತಡೆಯುವ ಬಗೆಯನ್ನೇ ಆರಿಸಬೇಕು. ಪಾಲಿಯುರೆಥೇನಿನಲ್ಲಿ ಆರೊಮ್ಯಾಟಿಕ್ ಜಾತಿಯದು ಬಿಸಿಲಿಗೆ ಬಣ್ಣಗೆಟ್ಟು ಬಿಳಿಚಿಕೊಳ್ಳುತ್ತದೆ, ಅಲಿಫ್ಯಾಟಿಕ್ ಜಾತಿಯದು ತಾಳುತ್ತದೆ.

ಪೆಟ್ಟಿಗೆ ಬಿಚ್ಚುವ ಕಾಲ ಇನ್ನೂ ದೂರ. ಮೊದಲು ಗ್ರೈಂಡರ್.

ಯಜಮಾನರ ಭಾಮೈದ ಕನ್ನಡಕ ಏರಿಸಿ, ಫ್ಲ್ಯಾಪ್ ಡಿಸ್ಕ್ ಹಾಕಿದ ಗ್ರೈಂಡರನ್ನು ಉಬ್ಬಿದ ಜಾಗಕ್ಕೆ ಒತ್ತುತ್ತಾನೆ. ಕಿಡಿ ನೆಲಕ್ಕೆ ಚೆಲ್ಲುತ್ತದೆ. ಸುಟ್ಟ ಬಣ್ಣದ ವಾಸನೆ ಮೂಗಿಗೆ ಏರುತ್ತದೆ. ಕಂದು ಹೋಗಿ ಕಪ್ಪು ಚುಕ್ಕಿ, ಚುಕ್ಕಿ ಹೋಗಿ ಬೆಳ್ಳಗೆ ಹೊಳೆಯುವ ತಗಡು ಬರುತ್ತದೆ. ನೀವು ಕೈದೀಪ ಹಿಡಿದು ಬಗ್ಗಿ ನೋಡುತ್ತೀರಿ. ಹೊಳಪಿನ ನಡುವೆ ಸೂಜಿಮೊನೆಯಷ್ಟು ಕಪ್ಪು ಗುಳಿಗಳು ಇನ್ನೂ ಇವೆ.

"ಭಾವ, ಇಷ್ಟು ಉಜ್ಜಿದ್ದು ಸಾಕಲ್ವಾ? ಹೆಂಗೂ ಮೇಲೆ ದಪ್ಪಗೆ ಹೊಡೀತೀವಿ, ಎಲ್ಲಾ ಮುಚ್ಚೋಗುತ್ತೆ."

"ಮುಚ್ಚೋಗುತ್ತೆ ಅನ್ನೋದೇ ಕಣೋ ಭಯ. ಒಳಗೆ ಉಳಿದಿದ್ದು ಕಣ್ಣಿಗೆ ಕಾಣದಂಗೆ ತಿಂತಾ ಹೋಗುತ್ತೆ. ಇನ್ನೊಂದ್ಸಲ ಹಿಡಿ."

ಈ ಕೆಲಸದ ತಿರುಳೆಲ್ಲ ಆ ಮಾತಿನಲ್ಲಿದೆ. ಮಾಮೂಲಿ ಬಣ್ಣದ ಕೆಳಗೆ ತುಕ್ಕು ಎದ್ದರೆ ಗುಳ್ಳೆ ಬೇಗ ಕಾಣುತ್ತದೆ, ಮಾಲೀಕ ಎಚ್ಚರಗೊಳ್ಳುತ್ತಾನೆ. ಬೆಡ್‌ಲೈನರ್ ದಪ್ಪ, ತರಿತರಿ, ಗಟ್ಟಿ. ಅದರ ಹಿಂದೆ ಅವಿತ ತುಕ್ಕು ತಗಡನ್ನು ತೂತು ಮಾಡುವವರೆಗೂ ಸುಳಿವು ಕೊಡದೆ ಇರಬಹುದು. ತುಕ್ಕನ್ನು ಮುಚ್ಚಲೆಂದೇ ಇದನ್ನು ಹೊಡೆದು ಗಾಡಿ ಮಾರುವವರಿದ್ದಾರೆ. ಹಳೆಯ ಪಿಕಪ್ ಕೊಳ್ಳಲು ಹೋದಾಗ ರಾಕರ್ ಪ್ಯಾನೆಲ್ ಮೇಲೆ ಹೊಚ್ಚಹೊಸ ಕರಿ ಲೇಪನ ಕಂಡರೆ ತಟ್ಟಿ ನೋಡದೆ ದುಡ್ಡು ಕೊಡಬೇಡಿ.

ಸ್ಕ್ರೂಡ್ರೈವರಿನ ತುದಿಯಿಂದ ಯಜಮಾನರು ಪ್ರತಿಯೊಂದು ಗುಳಿಯನ್ನೂ ಒತ್ತುತ್ತಾರೆ. ಒಂದು ಕಡೆ ತುದಿ ಒಳಕ್ಕೆ ಇಳಿದುಬಿಡುತ್ತದೆ. ಅಲ್ಲಿ ಪುಟ್ಟಿ ಮೆತ್ತುವುದು ಅವರಿಗೆ ಒಪ್ಪಿಗೆಯಿಲ್ಲ. ಕೊಳೆತ ತಗಡು ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಬೇಕು. ಆ ಬದಿಯ ಕೆಲಸ ಮುಂದಿನ ವಾರಕ್ಕೆ ಹೋಯಿತು. ಗಟ್ಟಿಯಿರುವ ಬದಿಯನ್ನಷ್ಟೇ ಇಂದು ಮುಗಿಸುವುದು.

ಗುಳಿಗಳ ತಳಕ್ಕೆ ರಸ್ಟ್ ಕನ್ವರ್ಟರ್ ಸವರುತ್ತಾರೆ. ಅದರ ಆಮ್ಲ ಉಳಿದ ತುಕ್ಕಿನೊಡನೆ ಕೂಡಿ ಕಪ್ಪಾಗಿ ಗಟ್ಟಿಯಾಗುತ್ತದೆ. ಅದು ಒಣಗಿದ ಮೇಲೆ ಬರಿ ತಗಡಿಗೆಲ್ಲ ಎಪಾಕ್ಸಿ ಪ್ರೈಮರ್. ಹಳೆಯ ಬಣ್ಣ ಗಟ್ಟಿಯಾಗಿ ಕೂತಿರುವ ಕಡೆ ಅದನ್ನು ಕೀಳಬೇಕಾಗಿಲ್ಲ, ಹೊಳಪು ಮಾತ್ರ ಹೋಗಬೇಕು. ಹೊಳೆಯುವ ಮೈಗೆ ಲೇಪನ ಹಿಡಿತ ಸಿಗದೆ ಹಾಳೆಹಾಳೆಯಾಗಿ ಸುಲಿದು ಬರುತ್ತದೆ. ನಿಮ್ಮ ಕೈಗೆ 180ರ ಸ್ಯಾಂಡ್‌ಪೇಪರ್ ಬರುತ್ತದೆ. ಬಾಗಿಲಿನ ಕೆಳ ಅಂಚು, ಮಡಿಕೆ, ಮೂಲೆ, ಎಲ್ಲ ಉಜ್ಜಿ. ಬೆಳಕಿಗೆ ಓರೆಯಾಗಿ ನೋಡಿ: ಎಲ್ಲಿ ಮಿನುಗುತ್ತದೋ ಅಲ್ಲಿ ಕೆಲಸ ಬಾಕಿ. ಭುಜ ನೋಯುತ್ತದೆ, ಬೆರಳ ತುದಿ ಉರಿಯುತ್ತದೆ, ಮಧ್ಯಾಹ್ನವಾಗುತ್ತದೆ.

ಚಿತ್ರಾನ್ನ ಮೊಸರು ಮುಗಿಸಿ ಬಂದರೆ ಒರೆಸುವ ಕೆಲಸ. ಪಾತ್ರೆ ತೊಳೆಯುವ ಸೋಪಿನ ನೀರು ಮೊದಲು, ಆಮೇಲೆ ಗ್ರೀಸ್ ರಿಮೂವರ್. ಒಂದು ಬಟ್ಟೆಯಲ್ಲಿ ಒದ್ದೆ ಮಾಡಿ, ಅದು ಆರುವ ಮುನ್ನ ಇನ್ನೊಂದು ಒಣಬಟ್ಟೆಯಲ್ಲಿ ಒರೆಸಬೇಕು. ಆರಲು ಬಿಟ್ಟರೆ ಜಿಡ್ಡು ಇದ್ದಲ್ಲೇ ಮತ್ತೆ ಕೂರುತ್ತದೆ. ಯಾವಾಗಲೋ ಹಚ್ಚಿದ ಪಾಲಿಶಿನ ಸಿಲಿಕೋನ್ ಒಂದಿಷ್ಟು ಉಳಿದರೂ ಲೇಪನ ಅಲ್ಲಿಂದ ಸರಿದು ಗುಂಡನೆಯ ಕುಳಿ ಬೀಳುತ್ತದೆ.

ಈಗ ಮಾಸ್ಕಿಂಗ್. ಎಲ್ಲಿಯವರೆಗೆ ಹೊಡೆಯುವುದು? ಬಾಗಿಲಿನ ಕೆಳಭಾಗದಲ್ಲಿ ತಗಡು ಮಡಚಿದ ಗೆರೆಯೊಂದು ಓಡುತ್ತದೆ, ಅಲ್ಲಿಗೆ ನಿಲ್ಲಿಸಿದರೆ ಕಾರ್ಖಾನೆಯಿಂದಲೇ ಹಾಗೆ ಬಂದಂತೆ ಕಾಣುತ್ತದೆ. ಆ ಗೆರೆಗುಂಟ ಅಂಚಿನಲ್ಲಿ ಸಣ್ಣ ತಂತಿಯಿರುವ ಟೇಪ್ ಅಂಟಿಸುತ್ತಾರೆ. ಮೇಲಿನ ಬಣ್ಣ, ಗಾಜು, ಟೈರು, ಬ್ರೇಕು ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ.

"ಇದೊಂದು ಮರೀಬೇಡಿ," ಎಂದು ಯಜಮಾನರು ನಿಮ್ಮನ್ನು ನೆಲಕ್ಕೆ ಬಗ್ಗಿಸಿ ರಾಕರ್ ಪ್ಯಾನೆಲಿನ ಅಡಿಯನ್ನು ತೋರಿಸುತ್ತಾರೆ. ಅಲ್ಲಿ ಸಾಲಾಗಿ ಚಿಕ್ಕ ತೂತುಗಳು. ಬಾಗಿಲಿನ ಅಡಿಯಲ್ಲೂ ಇವೆ. ಒಳಗೆ ಸೇರಿದ ನೀರು ಹೊರಹೋಗುವ ದಾರಿ ಅವು. ದಪ್ಪ ಲೇಪನ ಅವನ್ನು ಮುಚ್ಚಿದರೆ ನೀರು ಒಳಗೇ ನಿಂತು ಒಳಗಿನಿಂದ ತಿನ್ನುತ್ತದೆ. ಪ್ರತಿ ತೂತಿಗೂ ಫೋಮಿನ ಚೂರು ತುರುಕಿ, ಎಣಿಸಿ ಬಾಗಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಬರೆಯುತ್ತಾರೆ. ಸಂಜೆ ಅಷ್ಟೂ ಚೂರುಗಳು ಹೊರಬರಬೇಕು.

ಸ್ಪ್ರೇ ಮಾಡುವ ಹೊತ್ತಿಗೆ ನೀವು ಗ್ಯಾರೇಜಿನಿಂದ ಹೊರಗೆ, ಗಾಳಿ ಬೀಸಿಬರುವ ದಿಕ್ಕಿನಲ್ಲಿ ನಿಲ್ಲಬೇಕು. ಗಟ್ಟಿಕಾರಕದಲ್ಲಿ, ಅಂದರೆ ಹಾರ್ಡನರಿನಲ್ಲಿ, ಐಸೊಸೈನೇಟ್ ಇದೆ. ಉಸಿರಿನ ಜತೆ ಒಳಹೊಕ್ಕರೆ ಅಸ್ತಮಾ ಹುಟ್ಟಿಸಬಲ್ಲದು; ಒಮ್ಮೆ ಮೈ ಅದಕ್ಕೆ ಸೂಕ್ಷ್ಮವಾಯಿತೆಂದರೆ ಆಮೇಲೆ ತೀರಾ ಅಲ್ಪವೂ ಉಸಿರು ಕಟ್ಟಿಸಬಹುದು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ 2006ರಲ್ಲಿ ಟ್ರಕ್ ಬೆಡ್‌ಲೈನರ್ ಸ್ಪ್ರೇ ಕೆಲಸದ ಬಗ್ಗೆಯೇ ಎಚ್ಚರಿಕೆ ಪತ್ರ ಹೊರಡಿಸಿತು. ಅದರ ತಲೆಬರಹದಲ್ಲೇ ಅಸ್ತಮಾ ಮತ್ತು ಸಾವು ಎಂಬ ಮಾತುಗಳಿವೆ. ಆ ಪತ್ರ ಅಂಗಡಿಗಳಲ್ಲಿ ಬಳಸುವ ಎಂಡಿಐ ಎಂಬ ಐಸೊಸೈನೇಟಿನ ಕುರಿತದ್ದು. ಮನೆಯ ಕಿಟ್ಟಿನಲ್ಲಿರುವುದು ಸಾಮಾನ್ಯವಾಗಿ ಅದರ ಬಳಗದ ಎಚ್‌ಡಿಐ, ಅಪಾಯದ ಬಗೆ ಒಂದೇ. ಇದರ ವಾಸನೆ ಎಚ್ಚರಿಸುವಷ್ಟು ಬರುವುದಿಲ್ಲ, ಹಾಗಾಗಿ ಮುಖವಾಡದ ಫಿಲ್ಟರ್ ಸೋತದ್ದು ಮೂಗಿಗೆ ತಿಳಿಯದು. ಯಜಮಾನರು ಹಾಕಿಕೊಂಡಿರುವುದು ದೂರದಿಂದ ಕೊಳವೆಯಲ್ಲಿ ಶುದ್ಧ ಗಾಳಿ ತರುವ ಮುಖವಾಡ. ಮೈ ತುಂಬ ಸೂಟು, ಕೈಗೆ ನೈಟ್ರೈಲ್ ಗ್ಲೌಸು. ಮಕ್ಕಳನ್ನು ಬೆಳಿಗ್ಗೆಯೇ ಅತ್ತೆ ಮನೆಗೆ ಕಳಿಸಿದ್ದಾರೆ. ಇಷ್ಟು ಏರ್ಪಾಡು ಸಾಧ್ಯವಿಲ್ಲದವರು ಸ್ಪ್ರೇ ಬಿಟ್ಟು ರೋಲರ್ ಹಿಡಿಯಬೇಕು, ಅಥವಾ ಅಂಗಡಿಗೆ ಕೊಡಬೇಕು. ಉರುಳಿಸುವಾಗಲೂ ಬಾಗಿಲು ತೆರೆದಿರಲಿ, ಗ್ಲೌಸು ಮುಖವಾಡ ಇರಲಿ.

ಗ್ಲೌಸು ಮುಖವಾಡ ತೊಟ್ಟ ಭಾಮೈದ ಹೊರಗಡೆ ಬಾಟಲಿ ಸಿದ್ಧ ಮಾಡುತ್ತಿದ್ದಾನೆ. 750 ಮಿಲಿಲೀಟರ್ ಲೇಪನಕ್ಕೆ 250 ಹಾರ್ಡನರ್, ಮೂರಕ್ಕೆ ಒಂದು. ಮುಚ್ಚಳ ಬಿಗಿದು ಎರಡು ನಿಮಿಷ ಕುಲುಕುತ್ತಾನೆ. ಬೆರೆಸಿದ್ದು ಸುಮಾರು ಒಂದು ಗಂಟೆಯಲ್ಲಿ ಬಾಟಲಿಯಲ್ಲೇ ಗಟ್ಟಿಯಾಗತೊಡಗುತ್ತದೆ, ಆದ್ದರಿಂದ ಒಂದೊಂದೇ ಬಾಟಲಿ. ಗನ್ನಿಗೆ ತಿರುಗಿಸಿ ಕೂರಿಸುತ್ತಾನೆ. ಕಂಪ್ರೆಸರ್ ಗುಡುಗುತ್ತದೆ. ಅದರ ಕೊಳವೆಗೆ ನೀರು ಹಿಡಿಯುವ ಸೋಸುಕ ಇದೆ. ತೇವ ಸೇರಿದರೆ ಐಸೊಸೈನೇಟ್ ಅದರೊಡನೆ ಕೂಡಿ ಅನಿಲ ಬಿಡುತ್ತದೆ, ಲೇಪನದಲ್ಲಿ ಗುಳ್ಳೆ ಏಳುತ್ತದೆ.

ಮೊದಲು ಒಂದು ರಟ್ಟಿನ ಮೇಲೆ ಪರೀಕ್ಷೆ. ಒತ್ತಡ ಕಡಿಮೆಯಿದ್ದು ಗನ್ ಹತ್ತಿರವಿದ್ದರೆ ತರಿ ದಪ್ಪ. ಒತ್ತಡ ಹೆಚ್ಚಿಸಿ ಒಂದೂವರೆ ಅಡಿ ದೂರ ಸರಿದರೆ ಚಿರೋಟಿ ರವೆ ಉದುರಿಸಿದಂಥ ಸಣ್ಣ ತರಿ. ಯಜಮಾನರು ತಲೆಯಾಡಿಸಿ ಗಾಡಿಯತ್ತ ತಿರುಗುತ್ತಾರೆ. ಉಫ್ ಎಂದು ಗನ್ ಉಗುಳುತ್ತದೆ. ತೋಳು ಒಂದೇ ವೇಗದಲ್ಲಿ ಚಲಿಸುತ್ತಿದೆ, ಪ್ರತಿ ಪಟ್ಟಿ ಹಿಂದಿನದರ ಅರ್ಧವನ್ನು ಮುಚ್ಚುತ್ತದೆ. ಮೊದಲ ಕೋಟ್ ತೆಳು, ಅಡಿಯ ಬಣ್ಣ ಅಲ್ಲಲ್ಲಿ ಕಾಣುತ್ತದೆ. ಅದಕ್ಕೆ ಆತುರಪಟ್ಟು ಮತ್ತೆ ಹೊಡೆಯುವುದಿಲ್ಲ. ಸುಮಾರು ಒಂದು ಗಂಟೆ ಕಾದು ಎರಡನೆಯದು. ಈಗ ರಾಕರ್ ಪ್ಯಾನೆಲ್ ಒಂದೇ ಸಮ ಕರಿಯಾಗಿದೆ. ಗ್ರೈಂಡರಿನ ಗುರುತು, ಪ್ರೈಮರಿನ ತೇಪೆ ಯಾವುದೂ ಇಲ್ಲ.

ಟೇಪ್ ಕೀಳಲು ಕಾಯುವಂತಿಲ್ಲ. ಲೇಪನ ಪೂರ್ತಿ ಗಟ್ಟಿಯಾದರೆ ಟೇಪಿನ ಜತೆ ಅಂಚೂ ಹರಿದು ಬರುತ್ತದೆ. ಇನ್ನೂ ಮೆತ್ತಗಿರುವಾಗಲೇ ತಂತಿಯ ತುದಿ ಹಿಡಿದು ಎಳೆಯುತ್ತಾರೆ. ಗೆರೆ ನೇರವಾಗಿ ಕತ್ತರಿಸಿ ಬರುತ್ತದೆ. ಫೋಮಿನ ಚೂರುಗಳು ಒಂದೊಂದಾಗಿ ಹೊರಬರುತ್ತವೆ, ಗೋಡೆಯ ಮೇಲಿನ ಲೆಕ್ಕ ಸರಿಹೋಗುತ್ತದೆ. ಮುಟ್ಟಲು ಬಂದರೂ ಗಾಡಿ ಎರಡು ಮೂರು ದಿನ ಮಳೆಗೆ ಹೋಗಬಾರದು. ಪೂರ್ತಿ ಬಲ ಬರಲು ಸುಮಾರು ಒಂದು ವಾರ.

"ಭಾವ, ಇನ್ನು ಹತ್ತು ವರ್ಷ ಚಿಂತೆಯಿಲ್ಲ ಬಿಡಿ."

"ಹಂಗನ್ಕೊಂಡ್ರೇ ಹಾಳಾಗೋದು," ಎಂದು ಯಜಮಾನರು ಗ್ಲೌಸು ಸುಲಿಯುತ್ತಾ ಹೇಳುತ್ತಾರೆ. "ಏಪ್ರಿಲಲ್ಲಿ ಹಿಮ ಮುಗಿದ ತಕ್ಷಣ ಅಡಿಗೆ ನೀರು ಹೊಡೀಬೇಕು. ತೂತಲ್ಲೆಲ್ಲ ತಂತಿ ಆಡಿಸ್ಬೇಕು. ಅಂಚು ಎದ್ದಿದ್ಯಾ ಅಂತ ಬೆರಳಲ್ಲಿ ಸವರಿ ನೋಡ್ಬೇಕು. ಎದ್ದಿದ್ರೆ ಅಲ್ಲಿವರೆಗೂ ಕೆರೆದು, ಪ್ರೈಮರ್ ಹಾಕಿ, ಬ್ರಷ್ಷಲ್ಲಿ ಮತ್ತೆ ಹಚ್ಚೋದು."

ಅವರು ಹೇಳಿದ್ದು ಸರಿ. ಕಲ್ಲೇಟನ್ನೂ ಗೀರನ್ನೂ ಈ ಲೇಪನ ಮಾಮೂಲಿ ಬಣ್ಣಕ್ಕಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಆದರೆ ಅದರ ಒಳಮಗ್ಗುಲನ್ನು ಕಾಯುವುದು ಮನುಷ್ಯನ ಕೆಲಸವೇ. ಹಚ್ಚಿದ್ದನ್ನು ತೆಗೆಯುವುದೂ ಸುಲಭವಲ್ಲ, ಗ್ರೈಂಡರಿನಿಂದ ಇಂಚಿಂಚು ಕೆರೆಯಬೇಕಾಗುತ್ತದೆ. ಗಾಡಿಯನ್ನು ಇನ್ನೂ ಬಹುಕಾಲ ಇಟ್ಟುಕೊಳ್ಳುವ, ಪ್ರತಿ ವಸಂತದಲ್ಲೂ ಅದರ ಕೆಳಗೆ ನುಸುಳಿ ನೋಡುವ ಮನಸ್ಸಿದ್ದರೆ ಕಿಟ್ ಕೊಳ್ಳಿ. ಕೊಂಡ ದಿನ ಅದನ್ನು ಮೂಲೆಯಲ್ಲಿಟ್ಟು, ಮೊದಲು ಸ್ಕ್ರೂಡ್ರೈವರ್ ಹಿಡಿದು ತಗಡು ತಟ್ಟಿ.