ಬೀಗದ ಕೈ ಯಾರ ಕೈಯಲ್ಲಿ?

ರಾಯಚೂರಿನಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಕೃಷ್ಣೆಯ ದಂಡೆಯ ಮೇಲೆ ಶಕ್ತಿನಗರವಿದೆ. 1985ರಲ್ಲಿ ಅಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಕೆಲಸವಾರಂಭಿಸಿತು. ಒಂದೊಂದಾಗಿ ಘಟಕಗಳು ಎಂಟಾದುವು. ಸಾಮರ್ಥ್ಯ 1720 ಮೆಗಾವಾಟಿಗೇರಿತು. ಆದರೆ ಇಲ್ಲಿ ಹೇಳಹೊರಟ ಸಂಗತಿಗೆ ಅಷ್ಟು ದೊಡ್ಡ ಬೆಳಕು ಬೇಕಿಲ್ಲ. ಪಕ್ಕದ ದೇವಸೂಗೂರಿನ ಪುಟ್ಟ ಮನೆಯೊಂದರಲ್ಲಿ, ರಾತ್ರಿಯ ಊಟದ ಹೊತ್ತಿಗೆ ಮಿನುಗುವ ಟೆಲಿವಿಷನ್ನಿನ ಬೆಳಕು ಸಾಕು.

ಆ ಬೆಳಕಿನೆದುರು ಅರವತ್ತು ದಾಟಿದ ತಾಯಿಯೊಬ್ಬರು ಕುಳಿತಿರುತ್ತಿದ್ದರು. ವಿದ್ಯುತ್ ಕೇಂದ್ರದಲ್ಲಿ ನೌಕರಿಯಲ್ಲಿದ್ದವರ ಕೈಹಿಡಿದು ಅವರು ಈ ಊರಿಗೆ ಬಂದುದು 1986ರಲ್ಲಿ. ಅದೇ ವರ್ಷ ತೆರೆಗೆ ಬಂದ ‘ಆನಂದ್’ ಚಿತ್ರವನ್ನು ನವದಂಪತಿಗಳು ರಾಯಚೂರಿಗೆ ಹೋಗಿ ನೋಡಿ ಬಂದಿದ್ದರು. ಚಿತ್ರದ ನಾಯಕಿ ಸುಧಾರಾಣಿ ಆಗ ಎಳೆಯ ಹುಡುಗಿ. ಕಾಲ ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಪತಿ ನಿವೃತ್ತರಾದರು; ಕ್ವಾರ್ಟರ್ಸು ಬಿಟ್ಟು ಹೆಂಡತಿಯ ಹೆಸರಿನಲ್ಲಿ ಈ ಮನೆ ಕೊಂಡರು; ಮೂರು ವರ್ಷ ಅದರಲ್ಲಿ ಬಾಳಿ 2022ರಲ್ಲಿ ಕಣ್ಮುಚ್ಚಿದರು. ಅದೇ ವರ್ಷ ಜೀ ಕನ್ನಡ ವಾಹಿನಿಯಲ್ಲಿ ‘ಶ್ರೀರಸ್ತು ಶುಭಮಸ್ತು’ ಧಾರಾವಾಹಿ ಆರಂಭವಾಯಿತು. ಅದರಲ್ಲಿ ಅದೇ ಸುಧಾರಾಣಿ, ಬೆಳೆದ ಮಗನ ತಾಯಿಯಾಗಿ, ವಿಧವೆ ತುಳಸಿಯಾಗಿ ಬಂದರು. ತನ್ನೊಡನೆಯೇ ಬಾಳಿನ ಮೆಟ್ಟಿಲಿಳಿದು ಬಂದ ಗೆಳತಿಯನ್ನು ಕಂಡಂತೆ ಆ ತಾಯಿಗೆ ತೋರಿದುದು ಸಹಜ.

ಕಥೆಯಲ್ಲಿ ತುಳಸಿ ನಡುವಯಸ್ಸು ಕಳೆಯುತ್ತಿರುವಾಗ ಮರುಮದುವೆಯಾಗುತ್ತಾಳೆ. ಊರೂರಿನ ನಡುಮನೆಗಳಲ್ಲಿ ಇದರ ಚರ್ಚೆ ನಡೆಯಿತು. ಒಂದು ರಾತ್ರಿ ನೆರೆಮನೆಯ ಸೊಸೆ, “ಅಮ್ಮಾರ, ತುಳಸಿಗೆ ಎಷ್ಟು ಧೈರ್ಯ ನೋಡ್ರಿ!” ಎಂದಳು. ತಾಯಿ ಶೇಂಗಾ ಸುಲಿಯುತ್ತಲೇ ಉತ್ತರವಿತ್ತರು: “ಧೈರ್ಯ ಖರೇನವ್ವಾ. ಆಕಿಗೆ ಮದುವಿ ಬೇಕಾಗಿತ್ತು, ಮಾಡಿಕೊಂಡ್ಲು. ನನಗ ನನ್ನ ಮನಿ ಬೇಕಾಗ್ಯದ.”

ವಿಚಾರಮಾಡಿದರೆ ಇದು ಚಿಕ್ಕ ಮಾತಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಷ್ಟು ಹಿಂದೆಯೇ ತರುಣ ವಿಧವೆಯ ವಿದ್ಯೆ ಹಾಗೂ ಮರುಮದುವೆಯ ಪ್ರಶ್ನೆಯನ್ನೆತ್ತಿತು. 1976ರಲ್ಲಿ ಬಂದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಬಾಲವಿಧವೆಯೊಬ್ಬಳ ದೀರ್ಘ ಜೀವನವನ್ನು ಚಿತ್ರಿಸಿತು; 1983ರಲ್ಲಿ ಪ್ರೇಮಾ ಕಾರಂತರು ಅದನ್ನು ತೆರೆಗೆ ತಂದರು. ಒಬ್ಬಳಿಗೆ ಹೊಸ ಸಂಸಾರ ದೊರೆಯಿತು; ಇನ್ನೊಬ್ಬಳು ತುಂಬಿದ ಮನೆಯ ಸೇವೆಯಲ್ಲೇ ಜೀವ ಸವೆಸಿದಳು. ತುಳಸಿಗೂ ಕೊನೆಗೆ ಮತ್ತೊಂದು ಮನೆಯ ಹೊಸಲು ಕಾದಿತ್ತು. ಆದರೆ ಯಾರ ಮನೆಗೂ ಹೋಗದೆ, ತನ್ನ ಒಲೆ ತಾನು ಹಚ್ಚಿ, ತನ್ನ ಬಾಗಿಲು ತಾನು ಹಾಕಿ ಬದುಕುವೆನೆನ್ನುವ ಹೆಣ್ಣಿಗೆ ಕಥೆಯಲ್ಲಿ ಎಡೆಯೆಷ್ಟು? ಮನೆಯಲ್ಲಿ ಎಡೆಯೆಷ್ಟು?

ಈ ಪ್ರಶ್ನೆ ಆ ಮನೆಗೂ ಬಂದಿತು. ಒಂದು ಮುಂಜಾನೆ ತಾಯಿ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಬೆಂಗಳೂರಿನಲ್ಲಿದ್ದ ಮಗನ ಮನಸ್ಸು ಮುರಿಯಿತು. ಅಂದಿನ ರಾತ್ರಿಯೇ ರೈಲು ಹತ್ತಿ ಬಂದ.

“ಯವ್ವಾ, ನೀ ಇಲ್ಲಿ ಒಬ್ಬಾಕಿನ ಇದ್ದರ ನನಗ ನಿದ್ದಿ ಹತ್ತೂದಿಲ್ಲ. ಮನಿ ನನ್ನ ಹೆಸರಿಗೆ ಬರದು ಕೊಡು. ಇದನ್ನ ಮಾರಿ ಅಲ್ಲೇ ದೊಡ್ಡ ಫ್ಲ್ಯಾಟ್ ತಗೊಳ್ಳೂಣು. ನಿನಗೂ ಒಂದು ಖೋಲಿ ಇರ್ತದ.”

“ನಿನ್ನ ನಿದ್ದಿ ಸಲುವಾಗಿ ನನ್ನ ಮನಿ ಮಾರಬೇಕೇನಪ್ಪಾ?”

ಮಗ ದುಷ್ಟನಲ್ಲ. ಧಾರಾವಾಹಿಗಳಲ್ಲಿ ಕಾಣುವಂತೆ ಕಣ್ಣು ಕೆಂಪಗೆ ಮಾಡಿ ಆಸ್ತಿ ಕಬಳಿಸಬಂದವನೂ ಅಲ್ಲ. ಅವನ ದನಿಯಲ್ಲಿದ್ದುದು ಭಯ, ಭಯದಷ್ಟೇ ಪ್ರೀತಿ. ಕಷ್ಟವಿರುವುದು ಅಲ್ಲಿಯೇ. ದ್ವೇಷವನ್ನು ಎದುರಿಸುವುದು ಸುಲಭ. ಪ್ರೀತಿಯಿಂದ ಕೈಹಿಡಿದು ಎಳೆಯುವವರನ್ನು ನೋಯಿಸದೆ ನಿಲ್ಲಿಸುವುದು ಹೇಗೆ?

ಕಾನೂನು ಆ ತಾಯಿಯ ಪಕ್ಷದಲ್ಲಿತ್ತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಸ್ತ್ರೀಯ ಆಸ್ತಿಗೆ ಆಕೆಯೇ ಪೂರ್ಣ ಒಡತಿ. ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಅಧಿನಿಯಮದ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನಪತ್ರ ಬರೆದುಕೊಟ್ಟ ಬಳಿಕ ಮಕ್ಕಳು ನೋಡಿಕೊಳ್ಳದಿದ್ದರೆ, ನ್ಯಾಯಮಂಡಳಿ ಆ ಪತ್ರವನ್ನು ರದ್ದುಗೊಳಿಸಬಹುದು. ಷರತ್ತು ಪತ್ರದಲ್ಲಿಯೇ ಸ್ಪಷ್ಟವಾಗಿರುವುದು ಲೇಸೆಂಬ ಪಾಠವನ್ನು ನ್ಯಾಯಾಲಯಗಳ ಮುಂದೆ ಬಂದ ವ್ಯಾಜ್ಯಗಳು ಕಲಿಸಿವೆ. ಈ ಮಾತು ಬಂದಾಗ ಮಗನೇ, “ಬೇಕಾದರ ಷರತ್ತು ಹಾಕೇ ಬರಸೂಣು” ಎಂದ. ತಾಯಿ ನಿಧಾನವಾಗಿ ನುಡಿದರು: “ತಾಯಿ ಮಗನ ನಡುವ ಷರತ್ತು ಯಾಕ ಬೇಕು? ಕೋರ್ಟು ಕಚೇರಿ ನಮ್ಮ ನಡುವ ಬರಬಾರದು ಅಂತನ ನಾ ಸಹಿ ಮಾಡೂದಿಲ್ಲ. ನನ್ನ ನಂತರ ಎಲ್ಲಾ ನಿಂದ. ಅಲ್ಲೀತನಕ ಕೀಲಿಕೈ ನನ್ನ ಸೆರಗಿನಾಗ ಇರಲಿ.”

ಮಗ ಬಹಳ ಹೊತ್ತು ಮಾತನಾಡಲಿಲ್ಲ. ಆ ಮನೆಯ ಗೋಡೆಗಳನ್ನೇ ನೋಡುತ್ತ ಕುಳಿತ. ಅಪ್ಪ ಪಾಳಿಯ ಕೆಲಸ ಮುಗಿಸಿ ಬೂದಿ ಕೊಡವಿಕೊಂಡು ಬರುತ್ತಿದ್ದ ದಿನಗಳು ನೆನಪಾಗಿರಬೇಕು. ಬೆಂಗಳೂರಿನ ಮನೆಯಲ್ಲಿ ಅವ್ವನಿಗೆ ಖೋಲಿ ಸಿಗುತ್ತದೆ, ಊಟ ಸಿಗುತ್ತದೆ, ಆದರೆ ಬಾಗಿಲಿಗೆ ಬಂದು “ಏನ್ ಮಾಡಾಕತ್ತೀರಿ ಅಮ್ಮಾರ?” ಎಂದು ಕೇಳುವ ಓಣಿ ಎಲ್ಲಿ ಸಿಕ್ಕೀತು? ಮಗನ ಮನೆಯಲ್ಲಿ ತಾಯಿ ಅತಿಥಿ, ಇಲ್ಲಿ ಯಜಮಾನಿ.

ಕೊನೆಗೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಬಚ್ಚಲ ಗೋಡೆಗೆ ಗಟ್ಟಿಯಾದ ಹಿಡಿಕೆ ಬಂದಿತು. ಇನ್ನೊಂದು ಬೀಗದ ಕೈ ನೆರೆಮನೆಯ ಸೊಸೆಯ ಬಳಿ ಉಳಿಯಿತು. ದಿನವೂ ಬೆಳಗಿನ ಏಳಕ್ಕೆ ತಾಯಿ ಫೋನು ಮಾಡತಕ್ಕದ್ದು. ರಾಯಚೂರಿನ ಬಿಸಿಲು ಕಾದ ಹೆಂಚಾಗುವ ಎರಡು ತಿಂಗಳು ಬೆಂಗಳೂರಿನಲ್ಲಿರತಕ್ಕದ್ದು. ಸ್ಟ್ಯಾಂಪಿಲ್ಲದ, ಸಾಕ್ಷಿಯಿಲ್ಲದ ಈ ಒಪ್ಪಂದಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟೊಂದೇ ಮುದ್ರೆಯಾಯಿತು.

ಮಗ ಹೊರಟುಹೋದ ರಾತ್ರಿ ನೆರೆಮನೆಯವಳು ಎಂದಿನಂತೆ ಧಾರಾವಾಹಿಗೆ ಬಂದು ಕುಳಿತಳು. “ಏನಂದ್ರಿ ಅಮ್ಮಾರ, ಮಗ ಒಪ್ಪಿದ್ರೋ ಇಲ್ಲೋ?” ಎಂದು ಕೇಳಿದಳು.

ತಾಯಿ ಸೆರಗಿನ ತುದಿಯ ಗಂಟನ್ನೊಮ್ಮೆ ಮುಟ್ಟಿ ನೋಡಿಕೊಂಡು ನಕ್ಕರು. “ಈ ವಾರದ ಮಟ್ಟಿಗೆ ಒಪ್ಯಾನ. ಉಳಿದದ್ದು ಮುಂದಿನ ಸಂಚಿಕಿಯೊಳಗ.”