ನಂತೂರಿನಿಂದ ಕಟಪಾಡಿಗೆ, ಒಂದು ಬಾಗಿಲಿನ ನೆಪದಲ್ಲಿ

ಮಂಗಳೂರಿನ ನಂತೂರು ವೃತ್ತದಲ್ಲಿ ಐದು ನಿಮಿಷ ನಿಂತರೆ ಅರ್ಧ ಭೂಗೋಳದ ಪಾಠ ಮುಗಿದಂತೆ. ದಕ್ಷಿಣಕ್ಕೆ ಇಳಿಜಾರಿನಲ್ಲಿ ಪಂಪ್‌ವೆಲ್, ಅದರಾಚೆ ತೊಕ್ಕೊಟ್ಟು, ತಲಪಾಡಿ, ಕಾಸರಗೋಡು. ಪೂರ್ವಕ್ಕೆ ಬಿಕರ್ನಕಟ್ಟೆ, ಕುಲಶೇಖರ ದಾಟಿ ಮೂಡುಬಿದಿರೆಯ ದಾರಿ. ಪಶ್ಚಿಮಕ್ಕೆ ಮಲ್ಲಿಕಟ್ಟೆ, ಪೇಟೆ. ಉತ್ತರಕ್ಕೆ ಕೆಪಿಟಿ, ಕೊಟ್ಟಾರ ಚೌಕಿ, ಕೂಳೂರು, ಉಡುಪಿ. ಎಲ್ಲಿಯೂ ಇಳಿಯದೆ ಹೋಗುತ್ತಲೇ ಇದ್ದರೆ ಗೋವಾ, ಕೊನೆಗೆ ಮುಂಬಯಿಯ ಹೊಸ್ತಿಲಿನಂತಿರುವ ಪನವೇಲ್. ನಾವು ಹುಡುಗರಾಗಿದ್ದಾಗ ಇದನ್ನು ರಾಷ್ಟ್ರೀಯ ಹೆದ್ದಾರಿ 17 ಎಂದು ಬಾಯಿಪಾಠ ಮಾಡಿದ್ದೆವು. ಈಗ ಸಂಖ್ಯೆ 66. ಸಂಖ್ಯೆ ಬದಲಾಯಿತೇ ಹೊರತು ವೃತ್ತ ದಾಟುವ ಪಾದಚಾರಿಯ ಎದೆಬಡಿತ ಬದಲಾಗಲಿಲ್ಲ. ಅದಿರಲಿ.

ಈ ದಾರಿಗೆ ನಮ್ಮ ಕಡೆಯವರು ಇಟ್ಟ ನಿಜವಾದ ಹೆಸರು 'ಬೊಂಬಾಯಿ ದಾರಿ'. ಮನೆಗೊಬ್ಬರಂತೆ ಮುಂಬಯಿಗೆ ಹೋದವರು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು, ಅಲ್ಲಿಯೇ ಕನ್ನಡ ನಾಟಕ, ತುಳು ನಾಟಕ, ಯಕ್ಷಗಾನ ಕಟ್ಟಿದವರು ಎಲ್ಲರೂ ಈ ರಸ್ತೆಯನ್ನು ಹಿಡಿದೇ ಹೋದವರು. ಹಾಗೆ ಹೋದ ಕುಟುಂಬವೊಂದರ ಹುಡುಗ ಮುಂದೆ ಇಡೀ ದೇಶದ ಮಕ್ಕಳ ಬಾಯಲ್ಲಿ ಬಾಗಿಲು ಮುರಿಯುವವನೆಂದು ಹೆಸರಾದ. ಆ ಕಥೆಯನ್ನು ನಾನು ಹೇಳಬೇಕಾಗಿ ಬಂದದ್ದು ಇದೇ ನಂತೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ.

ಶಾಲಾ ಕ್ರೀಡಾಕೂಟಗಳೆಲ್ಲ ಮುಗಿದ ಮೇಲಿನ ಒಂದು ಶನಿವಾರ. ಕಟಪಾಡಿಯ ಆಚೆ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಹೊರಟಿದ್ದೆ. ನೆರಳು ಹುಡುಕುತ್ತಿರುವಾಗ ನನ್ನ ಹತ್ತನೇ ತರಗತಿಯ ವಿದ್ಯಾರ್ಥಿಯೊಬ್ಬ ತಾಯಿಯ ಭುಜ ಹಿಡಿದು ನಿಂತಿರುವುದು ಕಾಣಿಸಿತು. ಎಡ ಮೊಣಕಾಲಿಗೆ ಪಟ್ಟಿ, ಕಂಕುಳಲ್ಲಿ ಊರುಗೋಲು. ಕಾಣದಂತೆ ಆಚೆ ಸರಿಯೋಣ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಕಾರಣವಿತ್ತು.

ಹುಡುಗ ಚಕ್ರ ಎಸೆತದಲ್ಲಿ ಗಟ್ಟಿಗ. ಕ್ರೀಡಾಕೂಟದ ದಿನ ಅಳತೆಯ ಟೇಪು ಹಿಡಿದವನು ನಾನೇ. ಎರಡನೆಯ ಎಸೆತ ಮುಗಿಸಿ ಮೊಣಗಂಟು ಉಜ್ಜುತ್ತಾ ಬಂದು, "ಸರ್, ಇಲ್ಲಿ ಹಿಡಿದ ಹಾಗೆ ಆಗ್ತದೆ" ಅಂದ. "ಇನ್ನೊಂದೇ ಒಂದು ಬಿಸಾಡು ಮಾರಾಯ, ಪ್ರಥಮ ನಿನಗೇ ಉಂಟು" ಅಂದೆ ನಾನು. ಮೂರನೆಯ ಎಸೆತದಲ್ಲಿ ಚಕ್ರ ಚೆನ್ನಾಗಿಯೇ ಹಾರಿತು. ಹುಡುಗ ಏಳಲಿಲ್ಲ. ಸ್ಕ್ಯಾನಿಂಗ್ ಮಾಡಿಸಿದಾಗ ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿದಿದೆ ಎಂದು ತಿಳಿಯಿತು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ವಿಜ್ಞಾನ ಕಲಿಸಿದವನಿಗೆ, ನೋವು ಎಂಬುದು ದೇಹ ಬಾರಿಸುವ ಗಂಟೆ ಎಂದು ಮಕ್ಕಳಿಗೆ ನೋಟ್ಸ್ ಕೊಟ್ಟವನಿಗೆ, ಆ ದಿನ ಗಂಟೆ ಕೇಳಿಸಲಿಲ್ಲ.

"ಮಣಿಪಾಲಕ್ಕೆ ಹೊರಟದ್ದು ಸರ್. ಆಪರೇಶನ್ ಬೇಕಾ ಬೇಡ್ವಾ ಅಂತ ಇವತ್ತು ಹೇಳ್ತಾರಂತೆ" ಎಂದರು ತಾಯಿ. "ಇವನ ಅಪ್ಪ ಬೊಂಬಾಯಿಯಿಂದ ಫೋನ್ ಮಾಡಿ ಇನ್ನು ಆಟ ಎಲ್ಲ ಸಾಕು ಅಂದಿದ್ದಾರೆ. ಆವತ್ತಿನಿಂದ ಇವ ಸರಿ ಊಟವೇ ಮಾಡುವುದಿಲ್ಲ. ನೀವಾದ್ರೂ ಎಂಥದಾದ್ರೂ ಹೇಳಿ."

ಏನು ಹೇಳುವುದು? ಅಷ್ಟರಲ್ಲಿ ಪಂಪ್‌ವೆಲ್ ಕಡೆಯಿಂದ ಉಡುಪಿಗೆ ಹೋಗುವ ಸರ್ಕಾರಿ ಬಸ್ಸು ಬಂತು. ಕಂಡಕ್ಟರ್ ಒಳ್ಳೆಯವರು, ಹುಡುಗ ಹತ್ತುವವರೆಗೂ ಸೀಟಿ ಊದಲಿಲ್ಲ. ತಾಯಿ ಕಿಟಕಿಯ ಬದಿ, ಹುಡುಗ ಕಾಲು ಚಾಚಿಕೊಂಡು ಈಚೆ, ನಾನು ನಡುದಾರಿಯ ಆಚೆಯ ಸೀಟಿನಲ್ಲಿ. ಕೆಪಿಟಿ ದಾಟುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ನನಗೆ ನಾವು ಹೋಗುತ್ತಿರುವ ಊರಿನ ನೆನಪಾಯಿತು.

"ಸಿಐಡಿಯ ದಯಾ ಗೊತ್ತುಂಟಲ್ಲ ನಿನಗೆ? ಅವರು ಕಟಪಾಡಿ ಸೀಮೆಯವರು. ಮತ್ತೆ, ಅವರೂ ನಿನ್ನ ಹಾಗೆ ಡಿಸ್ಕಸ್ ಎಸೆಯುವವರೇ."

ಹುಡುಗ ಮೊದಲ ಬಾರಿಗೆ ಮುಖ ಎತ್ತಿದ. ಈಗಿನ ಮಕ್ಕಳು ಹಳೆಯ ಕಂತುಗಳನ್ನು ಮೊಬೈಲಿನಲ್ಲಿ ನೋಡುತ್ತಾರೆ. 'ದಯಾ, ದರ್ವಾಜಾ ತೋಡ್ ದೋ' ಎಂಬ ಮಾತು ನಮ್ಮ ಶಾಲೆಯ ವರಾಂಡದಲ್ಲಿ ದಿನಕ್ಕೊಮ್ಮೆಯಾದರೂ ಕೇಳುತ್ತದೆ, ಹೆಚ್ಚಾಗಿ ಪ್ರಯೋಗಾಲಯದ ಬೀಗದ ಕೈ ಕಾಣದೆ ಹೋದಾಗ.

ನಮ್ಮ ತಲೆಮಾರಿಗೆ ಪತ್ತೇದಾರಿ ಧಾರಾವಾಹಿಯೆಂದರೆ ದೂರದರ್ಶನದ್ದು. 1985ರಲ್ಲಿ ಪಂಕಜ್ ಕಪೂರ್ ಕ್ಯಾರೆಟ್ ಕಡಿಯುತ್ತಾ ಬಂದ 'ಕರಮಚಂದ್', 1993ರಲ್ಲಿ ರಜಿತ್ ಕಪೂರ್ ಧೋತಿ ಉಟ್ಟು ಬಂದ 'ಬ್ಯೋಮಕೇಶ್ ಬಕ್ಷಿ'. 1998ರ ಜನವರಿ 21ರಂದು ಸೋನಿ ವಾಹಿನಿಯಲ್ಲಿ 'ಸಿಐಡಿ' ಆರಂಭವಾಯಿತು. ನಮ್ಮ ಕರಾವಳಿಯವರಿಗೆ ಆ ವಾರ ನೆನಪಿರಲು ಇನ್ನೊಂದು ಕಾರಣವಿದೆ: ಐದೇ ದಿನಗಳ ಬಳಿಕ, ಜನವರಿ 26ರಂದು, ಕೊಂಕಣ ರೈಲು ಮಾರ್ಗ ಉದ್ದಕ್ಕೂ ತೆರೆದುಕೊಂಡಿತು. ಬೊಂಬಾಯಿ ದಾರಿಗೆ ಹಳಿಗಳು ಬಂದದ್ದು ಆಗ. ಧಾರಾವಾಹಿ 2018ರ ಅಕ್ಟೋಬರ್ 27ರವರೆಗೆ 1,547 ಕಂತು ಓಡಿತು. 2024ರ ಡಿಸೆಂಬರಿನಲ್ಲಿ ಹಳೆಯ ಮುಖಗಳೊಂದಿಗೇ ಮತ್ತೆ ಶುರುವಾಯಿತು.

ಆ ಮುಖಗಳ ಪೂರ್ವಾಶ್ರಮವೇ ಸ್ವಾರಸ್ಯ. ಎಸಿಪಿ ಪ್ರದ್ಯುಮನ್ ಆದ ಶಿವಾಜಿ ಸಾಟಮ್ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು. ಬ್ಯಾಂಕುಗಳ ನಡುವಿನ ನಾಟಕ ಸ್ಪರ್ಧೆಯಲ್ಲಿ ಕಣ್ಣಿಗೆ ಬಿದ್ದು ರಂಗಭೂಮಿಗೆ ಬಂದವರು. ಅಭಿಜೀತ್ ಪಾತ್ರದ ಆದಿತ್ಯ ಶ್ರೀವಾಸ್ತವ ಅಲಹಾಬಾದಿನ ರಂಗಭೂಮಿಯಿಂದ ಬಂದು, 'ಸಿಐಡಿ'ಗೆ ಮೊದಲೇ ಶೇಖರ್ ಕಪೂರರ 'ಬ್ಯಾಂಡಿಟ್ ಕ್ವೀನ್'ನಲ್ಲಿ ನಟಿಸಿದ್ದವರು. ಇವರನ್ನೆಲ್ಲ ಕೂಡಿಸಿದ ಬಿ.ಪಿ. ಸಿಂಗ್ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಛಾಯಾಗ್ರಾಹಕ. 2018ರಲ್ಲಿ ಅದೇ ಸಂಸ್ಥೆಯ ಅಧ್ಯಕ್ಷರೂ ಆದರು. ಕ್ಯಾಮೆರಾ ಹಿಡಿದ ಕೈಯಾದ್ದರಿಂದಲೇ ಇರಬೇಕು, 2004ರಲ್ಲಿ ಲೋನಾವಳದಲ್ಲಿ 111 ನಿಮಿಷಗಳ ಒಂದು ಇಡೀ ಕಂತನ್ನು ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸುವ ಧೈರ್ಯ ಮಾಡಿದರು. ಯೋಚಿಸಿ ನೋಡಿ, ನೂರ ಒಂಬತ್ತನೆಯ ನಿಮಿಷದಲ್ಲಿ ಒಬ್ಬ ನಟನ ಮಾತು ತೊದಲಿದರೆ ಮತ್ತೆ ಮೊದಲಿನಿಂದ! ನಮ್ಮ ಶಾಲಾ ವಾರ್ಷಿಕೋತ್ಸವದ ಇಪ್ಪತ್ತು ನಿಮಿಷದ ನಾಟಕಕ್ಕೆ ಪರದೆಯ ಹಿಂದೆ ಇಬ್ಬರು ಮೇಷ್ಟ್ರುಗಳು ಪುಸ್ತಕ ಹಿಡಿದು ನಿಲ್ಲಬೇಕಾಗುತ್ತದೆ. ಮಕ್ಕಳನ್ನು ನಗಿಸುತ್ತಿದ್ದ ಫ್ರೆಡರಿಕ್ಸ್, ಅಂದರೆ ದಿನೇಶ್ ಫಡ್ನಿಸ್, ಕೆಲವು ಕಂತುಗಳನ್ನು ತಾವೇ ಬರೆದೂ ಇದ್ದರು. 2023ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ತರಗತಿಯಲ್ಲಿ ಒಂದಿಬ್ಬರು ನಿಜವಾಗಿ ಸಪ್ಪಗಾಗಿದ್ದರು.

ಇನ್ನು ನಮ್ಮ ದಯಾ. ಪೂರ್ತಿ ಹೆಸರು ದಯಾನಂದ ಶೆಟ್ಟಿ. ಪಾತ್ರಕ್ಕೆ ಅವರದ್ದೇ ಹೆಸರು ಬಂತು. 1969ರಲ್ಲಿ ಹುಟ್ಟಿದವರು, ಹೆಚ್ಚುಕಡಿಮೆ ನನ್ನದೇ ಪ್ರಾಯ. ತುಳು ಮನೆಮಾತು. ಗುಂಡು ಎಸೆತ, ಚಕ್ರ ಎಸೆತಗಳಲ್ಲಿ ಪಳಗಿ 1996ರಲ್ಲಿ ಮಹಾರಾಷ್ಟ್ರ ರಾಜ್ಯದ ಚಕ್ರ ಎಸೆತದ ಚಾಂಪಿಯನ್ ಆದರು. ಆಮೇಲೆ ಕಾಲಿಗೆ ಪೆಟ್ಟು. ಕ್ರೀಡೆ ಬಿಟ್ಟರು. ಮುಂಬಯಿಯ ತುಳು ನಾಟಕಗಳಲ್ಲಿ ಬಣ್ಣ ಹಚ್ಚಿದ ಅನುಭವ ಕೈಯಲ್ಲಿತ್ತು. 1998ರಲ್ಲಿ 'ಸಿಐಡಿ' ಸೇರಿದರು. 2014ರಲ್ಲಿ 'ಸಿಂಗಂ ರಿಟರ್ನ್ಸ್' ಸಿನಿಮಾದವರು ಅವರನ್ನು ಕರೆಸಿ ಅದೇ ಬಾಗಿಲು ಮುರಿಯುವ ತಮಾಷೆಯನ್ನು ದೊಡ್ಡ ಪರದೆಗೂ ತಂದರು.

ಇಷ್ಟನ್ನು ಹೇಳಿ ಮುಗಿಸುವಾಗ ಬಸ್ಸು ಕೂಳೂರಿನ ಸೇತುವೆಯ ಮೇಲಿತ್ತು. ಕೆಳಗೆ ಫಲ್ಗುಣಿ ನದಿ. ಒಳ್ಳೆಯ ಕಥೆ ಹೇಳಿದೆ ಎಂಬ ಸಮಾಧಾನದಲ್ಲಿ ನಾನು ಹುಡುಗನ ಮುಖ ನೋಡಿದೆ. ಅವನು ಕೇಳಿದ:

"ಕಾಲಿಗೆ ಪೆಟ್ಟಾಗಿ ಆಟ ಬಿಟ್ಟವರು ಮತ್ತೆ ಬಾಗಿಲು ಒದೆದದ್ದು ಹೇಗೆ ಸರ್?"

ಪಣಂಬೂರು ಬರುವವರೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಂದರಿನ ಲಾರಿಗಳ ಸಾಲು ಹಿಂದಾದ ಮೇಲೆ, ಗೊತ್ತಿದ್ದದ್ದನ್ನಷ್ಟೇ ಹೇಳುವುದು ಒಳ್ಳೆಯದೆಂದು ಬಾಗಿಲಿನಿಂದ ಆರಂಭಿಸಿದೆ. ಮನೆಯ ಬಾಗಿಲನ್ನು ಬಿಜಾಗರಿಯ ಹತ್ತಿರ ತಳ್ಳಿ ನೋಡು, ಅಲುಗುವುದಿಲ್ಲ. ಚಿಲಕದ ಹತ್ತಿರ ಕಿರುಬೆರಳು ಸಾಕು. ತಿರುಗಿಸುವ ಪರಿಣಾಮವೆಂದರೆ ಬಲವನ್ನು ದೂರದಿಂದ ಗುಣಿಸಿದ್ದು. ಚಿಲಕ ಬಿಜಾಗರಿಯಿಂದ 80 ಸೆಂಟಿಮೀಟರ್ ದೂರದಲ್ಲಿದೆ ಎಂದಿಟ್ಟುಕೊ. ಬಿಜಾಗರಿಯಿಂದ 20 ಸೆಂಟಿಮೀಟರಿನಲ್ಲಿ ಒದೆದರೆ ಆ ಒದೆತದ ಕಾಲುಭಾಗ ಮಾತ್ರ ಚಿಲಕಕ್ಕೆ ತಗಲುತ್ತದೆ. ಚಿಲಕದ ಪಕ್ಕದಲ್ಲೇ ಒದೆದರೆ ಪೂರ್ತಿ. ಮುರಿಯುವುದು ಬಾಗಿಲಿನ ಹಲಗೆಯಲ್ಲ, ಚಿಲಕವನ್ನು ಹಿಡಿದಿರುವ ನಾಲ್ಕು ಸಣ್ಣ ತಿರುಪುಗಳು. ಬಾಗಿಲು ಒಳಮುಖವಾಗಿ ತೆರೆಯುವಂಥದ್ದೇ ಆಗಿರಬೇಕು. ಹೊರಮುಖವಾಗಿ ತೆರೆಯುವುದಾದರೆ ದಯಾ ಏನು, ಭೀಮ ಬಂದರೂ ಚೌಕಟ್ಟೇ ತಡೆಯುತ್ತದೆ. ಚಿತ್ರೀಕರಣಕ್ಕೆ ಕಟ್ಟುವ ಮನೆಗಳ ಬಾಗಿಲು ಸಾಮಾನ್ಯವಾಗಿ ಹಗುರ ಪ್ಲೈವುಡ್ಡಿನದು. ಕೆಲವೊಮ್ಮೆ ಕಾಲಿನ ಬದಲು ಹೆಗಲು.

"ಆದರೂ ಬಾಗಿಲು ಕಾಲನ್ನು ತಿರುಗಿ ಒದೆಯುತ್ತದಲ್ಲ ಸರ್? ನ್ಯೂಟನ್ನಿನ ಮೂರನೇ ನಿಯಮ."

"ಹೌದು. ಎಷ್ಟು ಒದೆಯುತ್ತೀಯೋ ಅಷ್ಟೇ."

ಅಲ್ಲಿಂದ ಅವನೇ ತನ್ನ ಮೊಣಕಾಲಿಗೆ ಬಂದ. ಎರಡೂವರೆ ಮೀಟರ್ ವ್ಯಾಸದ ವೃತ್ತದೊಳಗೆ ಒಂದೂವರೆ ಸುತ್ತು ಗಿರಕಿ ಹೊಡೆದು, ಬಲಗೈಯವನಾದರೆ ಕೊನೆಗೆ ಎಡಗಾಲನ್ನು ಗೂಟದಂತೆ ಊರಬೇಕು. ಮೈಯ ವೇಗವೆಲ್ಲ ಆ ಕಾಲಿನಲ್ಲಿ ತಡೆದು, ಅಲ್ಲಿಂದ ಸೊಂಟಕ್ಕೆ, ಹೆಗಲಿಗೆ, ಕೈಯ ತುದಿಯ ಒಂದೂವರೆ ಕಿಲೋ ಚಕ್ರಕ್ಕೆ ಏರುತ್ತದೆ. ಪಾದ ನೆಲಕ್ಕೆ ಕಚ್ಚಿಕೊಂಡು, ಮೇಲಿನ ಮೈ ತಿರುಗಿದರೆ ನಡುವೆ ಸಿಕ್ಕುವುದು ಮೊಣಗಂಟು. ಇದನ್ನು ಅವನು ನನಗಿಂತ ಚೆನ್ನಾಗಿ ವಿವರಿಸಿದ. ತಾಯಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು.

ಸುರತ್ಕಲ್ ಕಳೆಯಿತು. ಮೂಲ್ಕಿಯ ಹತ್ತಿರ ಶಾಂಭವಿ ನದಿಯ ಸೇತುವೆ ಬಂದಾಗ ನಾನು ಹೇಳಬೇಕಾದದ್ದನ್ನು ಹೇಳಿದೆ. "ಆವತ್ತು ನೀನು ನೋವು ಅಂದಾಗ ನಾನು ನಿಲ್ಲಿಸಬೇಕಿತ್ತು. ತಪ್ಪು ನನ್ನದು."

ಮಕ್ಕಳ ಎದುರು ಹಾಗೆ ಹೇಳಿ ಅಭ್ಯಾಸವಿಲ್ಲ. ಹುಡುಗ ಊರುಗೋಲಿನ ರಬ್ಬರ್ ತುದಿಯನ್ನು ನೋಡುತ್ತಾ, "ನಾನೂ ಬಿಸಾಡ್ಬೇಕು ಅಂತಲೇ ಇದ್ದೆ ಸರ್" ಅಂದ. ತಾಯಿ ತಿರುಗಿ ನನ್ನನ್ನೊಮ್ಮೆ ನೋಡಿದರು. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚೀಲದಿಂದ ಕಿತ್ತಳೆ ತೆಗೆದು, ಸುಲಿದು, ಮೂರು ಪಾಲು ಮಾಡಿದರು. ಹುಡುಗ ತನ್ನ ಪಾಲು ತಿಂದ.

ಪಡುಬಿದ್ರಿ, ಉಚ್ಚಿಲ ದಾಟಿ ಕಾಪು. 1901ರ ದೀಪಸ್ತಂಭ ಹೆದ್ದಾರಿಯಿಂದ ದೂರ ಕಡಲಿನ ಬಂಡೆಯ ಮೇಲಿದೆ. ನಂತೂರಿನಿಂದ ನಲವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಕಟಪಾಡಿ. ನಾನು ಇಳಿದೆ, ಅವರು ಮುಂದೆ ಹೋದರು.

ಕಟಪಾಡಿ ಪೇಟೆಯೆಂದರೆ ಹೆದ್ದಾರಿ, ಅದರಿಂದ ಬಲಕ್ಕೆ ಒಡೆಯುವ ಶಿರ್ವದ ರಸ್ತೆ, ಅಂಗಡಿಗಳು. ಶಿರ್ವದ ದಾರಿಯಲ್ಲಿಯೇ ಶಂಕರಪುರ, ಉಡುಪಿ ಮಲ್ಲಿಗೆಯ ತವರು. ಈ ಮಲ್ಲಿಗೆಯೂ ಬೊಂಬಾಯಿ ದಾರಿಯ ಪಯಣಿಗ; ಬೆಳಗ್ಗೆ ಗಿಡದಲ್ಲಿದ್ದ ಮೊಗ್ಗು ಬಾಳೆನಾರಿನಲ್ಲಿ ಕಟ್ಟಿಸಿಕೊಂಡು ಪರವೂರಿಗೆ ಹೊರಡುತ್ತದೆ. ಗೃಹಪ್ರವೇಶದ ಮನೆಗೆಂದು ಹೂ ಕೊಳ್ಳುತ್ತಾ, "ಸಿಐಡಿಯ ದಯಾ ಈ ಕಡೆಯವರಂತಲ್ಲ?" ಎಂದು ಅಂಗಡಿಯಾತನನ್ನು ಕೇಳಿದೆ. "ನಮ್ಮವರೇ ಮಾರಾಯ್ರೆ" ಎಂದು ಅಟ್ಟೆ ಲೆಕ್ಕ ಮಾಡುತ್ತಲೇ ಹೇಳಿದ. ಆಟ ಬಿಟ್ಟದ್ದು ಕಾಲಿನ ಪೆಟ್ಟಿನಿಂದ ಎಂದಾಗ ಮಾತ್ರ ಕೈ ನಿಲ್ಲಿಸಿ, "ಹೌದಾ? ಅದು ಗೊತ್ತಿರಲಿಲ್ಲ" ಅಂದ. ಬಾಗಿಲಿನ ಸುದ್ದಿ ಎಲ್ಲರಿಗೂ ತಲುಪಿದೆ, ಕಾಲಿನದ್ದು ತಲುಪಿಲ್ಲ.

ಸಂಜೆ ತಾಯಿಯ ಫೋನ್ ಬಂತು. ಶಸ್ತ್ರಚಿಕಿತ್ಸೆ ಆಗಬೇಕು, ಆಮೇಲೆ ಒಂಬತ್ತು ತಿಂಗಳು ಎಸೆತದ ಸುದ್ದಿ ಇಲ್ಲ, ಅದರಾಚೆಯದ್ದನ್ನು ಆಗ ನೋಡೋಣ ಎಂದರಂತೆ ಡಾಕ್ಟರು. "ಅಪ್ಪನಿಗೆ ಇವನೇ ಫೋನ್ ಮಾಡಿ ಹೇಳಿದ ಸರ್. ಅವರು ಆಪರೇಶನ್ನಿಗೆ ಊರಿಗೆ ಬರ್ತಾರೆ."

ಸೋಮವಾರ ಹುಡುಗ ತರಗತಿಗೆ ಬಂದು, ಹಿಂದಿನ ಬೆಂಚಿನಲ್ಲಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತ. ಗಂಟೆ ಹೊಡೆದ ಮೇಲೆ ಒಂದು ಹಾಳೆ ಕೊಟ್ಟ. ಬಾಗಿಲಿನ ಚಿತ್ರ, ಬಿಜಾಗರಿ, ಚಿಲಕ, ನಾಲ್ಕು ತಿರುಪುಗಳು, ಒದೆತಕ್ಕೆ ಒಂದು ಬಾಣ, ಬಾಗಿಲು ತಿರುಗಿ ಕೊಡುವ ಒದೆತಕ್ಕೆ ಅಷ್ಟೇ ಉದ್ದದ ಇನ್ನೊಂದು ಬಾಣ. ಕೆಳಗೆ ಲೆಕ್ಕ. ಉತ್ತರ ಸರಿಯಿತ್ತು, ಏಕಮಾನ ಬರೆಯಲು ಮರೆತಿದ್ದ. ಅರ್ಧ ಅಂಕ ಕಳೆದೆ.